ಗಿಡದ ಹಸಿವಿನ ಚೀಟಿ: ಬೆಳಕಿನಿಂದ ಓದುವ ಪ್ರಯತ್ನ

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಮಕ್ಕಳಿಗೂ ರೈತರಿಗೂ ಅರ್ಥವಾಗುವಂತೆ ಒಂದು ವಿಜ್ಞಾನದ ವಿಷಯ ಹೇಳಬೇಕು ಎಂದು ಸಮಿತಿಯವರು ನನಗೆ ಹೇಳಿದ್ದಾರೆ. ನಾನು ಬಿ.ಇ. ಓದಿದವನು, ಸಾಫ್ಟ್‌ವೇರ್ ಕೆಲಸ ಮಾಡುವವನು. ಜೀವವಿಜ್ಞಾನಿ ಅಲ್ಲ. ಆದರೆ ನಮ್ಮ ತಂಡ ಬರೆಯುವ ಪ್ರೋಗ್ರಾಂಗಳು ಪ್ರಯೋಗಾಲಯದ ಸೂಕ್ಷ್ಮದರ್ಶಕ ತೆಗೆದ ಚಿತ್ರಗಳಲ್ಲಿ ಬೆಳಕನ್ನು ಅಳೆಯುತ್ತವೆ. ಆ ದಾರಿಯಲ್ಲಿ ನನಗೆ ಪರಿಚಯವಾದ ವಿಷಯ ಇದು: ಗಿಡದೊಳಗೆ ಓಡಾಡುವ ಮೈಕ್ರೋಆರ್‌ಎನ್‌ಎ ಎಂಬ ಅತಿ ಚಿಕ್ಕ ಅಣುವನ್ನು, ಹೊಳೆಯುವ ನ್ಯಾನೋಕಣಗಳ ಸಹಾಯದಿಂದ ಪತ್ತೆ ಹಚ್ಚುವುದು. ಹೆಸರು ಕೇಳಿ ಹೆದರಬೇಡಿ. ಇದು ಕೊನೆಗೆ ನಮ್ಮ ಹೊಲದ ಗೊಬ್ಬರದ ಲೆಕ್ಕಕ್ಕೇ ಬಂದು ನಿಲ್ಲುತ್ತದೆ.

ಗೊಬ್ಬರದಿಂದಲೇ ಆರಂಭಿಸೋಣ. ಮೆಕ್ಕೆಜೋಳದ ಎಳೆಯ ಪೈರಿನ ಎಲೆ ನೇರಳೆ ಬಣ್ಣಕ್ಕೆ ತಿರುಗಿದರೆ ಅನುಭವಿ ರೈತರು "ರಂಜಕ ಸಾಲದು" ಎನ್ನುತ್ತಾರೆ. ಸರಿಯಾದ ಮಾತು. ಆದರೆ ಎಲೆಯ ಬಣ್ಣ ತಿರುಗುವ ಹೊತ್ತಿಗೆ ಗಿಡ ಹಸಿದು ಎಷ್ಟೋ ದಿನವಾಗಿರುತ್ತದೆ. ಆ ದಿನಗಳಲ್ಲಿ ನಿಂತ ಬೆಳವಣಿಗೆ ಪೂರ್ತಿ ವಾಪಸು ಬರುವುದಿಲ್ಲ. ಆ ಭಯಕ್ಕೇ ನಾವು ಬಿತ್ತುವಾಗಲೇ ಡಿಎಪಿ ಹಾಕುತ್ತೇವೆ, ಕೆಲವೊಮ್ಮೆ ಒಂದು ಹಿಡಿ ಹೆಚ್ಚೇ ಹಾಕುತ್ತೇವೆ. 50 ಕೆ.ಜಿ.ಯ ಒಂದು ಡಿಎಪಿ ಚೀಲದಲ್ಲಿ, ಚೀಲದ ಮೇಲೆ ಬರೆದಿರುವ ಶೇ. 46ರ ಲೆಕ್ಕದಂತೆ, 23 ಕೆ.ಜಿ. ಫಾಸ್ಫೇಟ್ ಇರುತ್ತದೆ. ಆ ವರ್ಷದ ಬೆಳೆ ಅದರಲ್ಲಿ ಸಣ್ಣ ಪಾಲನ್ನು ಮಾತ್ರ ತೆಗೆದುಕೊಳ್ಳುತ್ತದೆ. ಉಳಿದದ್ದನ್ನು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ಹುಳಿ ಮಣ್ಣಾದರೆ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಸೇರುತ್ತದೆ, ಸುಣ್ಣದಂಶ ಹೆಚ್ಚಿರುವ ಕಪ್ಪು ಮಣ್ಣಾದರೆ ಕ್ಯಾಲ್ಸಿಯಂ ಜೊತೆ ಸೇರುತ್ತದೆ. ಮಣ್ಣಿನಲ್ಲಿ ಇದೆ, ಗಿಡಕ್ಕೆ ಸಿಗುತ್ತಿಲ್ಲ ಎಂಬ ಪರಿಸ್ಥಿತಿ.

ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು. 2015ರಿಂದ ಸರ್ಕಾರ ಮಣ್ಣು ಆರೋಗ್ಯ ಚೀಟಿಯನ್ನೂ ಕೊಡುತ್ತಿದೆ. ಆದರೆ ಆ ಚೀಟಿ ಹೇಳುವುದು ಮಣ್ಣಿನ ಕಥೆ. ಗಿಡ ಹಸಿದಿದೆಯೇ, ಹೊಟ್ಟೆ ತುಂಬಿದೆಯೇ ಎಂದು ಗಿಡವನ್ನೇ ಕೇಳಲು ಬರುತ್ತದೆಯೇ? ಎಲೆ ನೇರಳೆಯಾಗುವ ಮೊದಲೇ ಗಿಡದೊಳಗೆ ಏನಾದರೂ ಸುದ್ದಿ ಓಡಾಡುತ್ತಿರುತ್ತದೆಯೇ? ಓಡಾಡುತ್ತಿರುತ್ತದೆ. ಆ ಸುದ್ದಿಯ ಚೀಟಿಯೇ ಮೈಕ್ರೋಆರ್‌ಎನ್‌ಎ.

ಮಕ್ಕಳೇ, ಜೀವಕೋಶವನ್ನು ನಮ್ಮ ಶಾಲೆ ಎಂದುಕೊಳ್ಳಿ. ಡಿಎನ್‌ಎ ಎಂದರೆ ಮುಖ್ಯೋಪಾಧ್ಯಾಯರ ಬೀರುವಿನಲ್ಲಿರುವ ಮೂಲ ದಾಖಲೆ. ಅದನ್ನು ಯಾರೂ ಹೊರಗೆ ಒಯ್ಯುವುದಿಲ್ಲ. ಅದರಿಂದ ಬೇಕಾದಷ್ಟನ್ನು ನಕಲು ಮಾಡಿ ತರಗತಿ ತರಗತಿಗೆ ಸುತ್ತೋಲೆ ಕಳಿಸುತ್ತಾರೆ. ಆ ಸುತ್ತೋಲೆಯೇ ಸಂದೇಶವಾಹಕ ಆರ್‌ಎನ್‌ಎ. ಸುತ್ತೋಲೆ ಓದಿ ನಡೆಯುವ ಕೆಲಸವೇ ಪ್ರೋಟೀನ್. ಇಷ್ಟು ನಿಮ್ಮ ಪಠ್ಯಪುಸ್ತಕದಲ್ಲಿ ಹೆಚ್ಚು ಕಡಿಮೆ ಇದೆ. ಮೈಕ್ರೋಆರ್‌ಎನ್‌ಎ ಇದರ ಮುಂದಿನ ಅಧ್ಯಾಯ. ಅದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಅದು ತನಗೆ ಹೊಂದುವ ಸುತ್ತೋಲೆಯನ್ನು ಹುಡುಕಿ, ಅದಕ್ಕೆ ಅಂಟಿಕೊಂಡು, ಹರಿದು ಹಾಕಿಸುತ್ತದೆ. ಅಂದರೆ ಅದು ರದ್ದತಿ ಚೀಟಿ.

ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಇದನ್ನು 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಕಂಡುಕೊಂಡರು. ಹುಳುವಿನ ವಿಚಿತ್ರ ಎಂದು ಹಲವು ವರ್ಷ ಯಾರೂ ಹೆಚ್ಚು ಗಮನ ಕೊಡಲಿಲ್ಲ. ಗಿಡಗಳಲ್ಲಿಯೂ ಇದೆ ಎಂದು ಗೊತ್ತಾದದ್ದು 2002ರಲ್ಲಿ. ಆ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂದದ್ದು 2024ರಲ್ಲಿ. ಈ ಶಾಲೆ ಆರಂಭವಾದಾಗ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲದಿದ್ದ ಸಂಗತಿ ಇದು. ಇಂದು ಇದೇ ಶಾಲೆಯ ಅಂಗಳದಲ್ಲಿ ಅದರ ಬಗ್ಗೆ ಕನ್ನಡದಲ್ಲಿ ಮಾತನಾಡುತ್ತಿದ್ದೇವೆ.

ಗಿಡದ ಮೈಕ್ರೋಆರ್‌ಎನ್‌ಎ ಸಾಮಾನ್ಯವಾಗಿ 21 ಅಕ್ಷರ ಉದ್ದ. ಅಕ್ಷರಗಳು ನಾಲ್ಕೇ: ಎ, ಯು, ಜಿ, ಸಿ. ನಾಲ್ಕು ಅಕ್ಷರದಿಂದ 21 ಅಕ್ಷರದ ಎಷ್ಟು ಪದ ಬರೆಯಬಹುದು? 4ರ ಘಾತ 21. ಲೆಕ್ಕ ಹಾಕಿದರೆ ಸುಮಾರು 4.4 ಲಕ್ಷ ಕೋಟಿ. ಪ್ರಯೋಗಾಲಯಗಳಲ್ಲಿ ಬೆಳೆಸುವ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದ ಇಡೀ ಡಿಎನ್‌ಎ ಸುಮಾರು 13.5 ಕೋಟಿ ಅಕ್ಷರ. ಹಾಗಾಗಿ 21 ಅಕ್ಷರದ ಪದವೊಂದು ಆ ಪುಸ್ತಕದಲ್ಲಿ ಆಕಸ್ಮಿಕವಾಗಿ ಇನ್ನೊಂದು ಕಡೆ ಬರುವ ಸಂಭವ ತೀರ ಕಡಿಮೆ. ಸಾಫ್ಟ್‌ವೇರ್‌ನವರ ಭಾಷೆಯಲ್ಲಿ ಹೇಳಿದರೆ, ಹುಡುಕುವುದಕ್ಕೆ ಸಾಕಷ್ಟು ಉದ್ದದ ಪದ. ಇಷ್ಟು ಚಿಕ್ಕ ಚೀಟಿ ತನ್ನ ವಿಳಾಸವನ್ನು ತಪ್ಪದೆ ಮುಟ್ಟುವುದು ಈ ಲೆಕ್ಕದ ಬಲದಿಂದ.

ಈಗ ಹಸಿವಿನ ಚೀಟಿಗೆ ಬರೋಣ. ಅದರ ಹೆಸರು ಮಿರ್-399. ಗಿಡದ ಬೇರಿನಲ್ಲಿ ಫಾಸ್ಫೇಟನ್ನು ಒಳಗೆ ಎಳೆದುಕೊಳ್ಳುವ ಪ್ರೋಟೀನುಗಳಿವೆ. ಅವನ್ನು ಕೆರೆಯ ತೂಬು ಎಂದುಕೊಳ್ಳಿ. ಗಿಡದ ಹೊಟ್ಟೆ ತುಂಬಿದ್ದಾಗ ತೂಬು ಜಾಸ್ತಿ ತೆರೆದಿರಬಾರದು, ಫಾಸ್ಫೇಟ್ ಅತಿಯಾದರೂ ವಿಷ. ಅದನ್ನು ನೋಡಿಕೊಳ್ಳಲು ಪಿಎಚ್‌ಒ2 ಎಂಬ ಜೀನ್ ಇದೆ. ಅದು ಹಳೆಯ ಕಾಲದ ನೀರುಗಂಟಿಯ ಹಾಗೆ, ತೂಬನ್ನು ಹದದಲ್ಲಿ ಮುಚ್ಚಿಡುತ್ತದೆ. ಫಾಸ್ಫೇಟ್ ಕಡಿಮೆಯಾದಾಗ ಮಿರ್-399 ಹೆಚ್ಚುತ್ತದೆ. ಅದು ನೀರುಗಂಟಿಯ ಸುತ್ತೋಲೆಯನ್ನೇ ಹರಿದು ಹಾಕಿಸುತ್ತದೆ. ತೂಬು ಮುಚ್ಚುವವರಿಲ್ಲ. ಬೇರು ಹೆಚ್ಚು ಫಾಸ್ಫೇಟ್ ಎಳೆಯತೊಡಗುತ್ತದೆ.

ಇದರಲ್ಲಿ ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಹಸಿವಿನ ಸುದ್ದಿ ಮೇಲಿನಿಂದ ಕೆಳಕ್ಕೆ, ಚಿಗುರಿನಿಂದ ಬೇರಿಗೆ ಹೋಗುತ್ತದೆ. ಇದನ್ನು ತೋರಿಸಿದ್ದು ನಮ್ಮ ತೋಟದವರಿಗೆಲ್ಲ ಗೊತ್ತಿರುವ ವಿದ್ಯೆಯಿಂದ: ಕಸಿ. ಮಿರ್-399 ಅತಿಯಾಗಿ ತಯಾರಿಸುವ ಗಿಡದ ಮೇಲ್ಭಾಗವನ್ನು ಸಾಮಾನ್ಯ ಗಿಡದ ಬೇರಿಗೆ ಕಸಿ ಕಟ್ಟಿದರು. ಬೇರಿನಲ್ಲಿಯೂ ಮಿರ್-399 ಹೆಚ್ಚಾಗಿ ಕಾಣಿಸಿತು, ಅಲ್ಲಿನ ಪಿಎಚ್‌ಒ2 ಸುತ್ತೋಲೆ ಕಡಿಮೆಯಾಯಿತು. ಚೀಟಿ ಕಸಿಯ ಗಂಟನ್ನು ದಾಟಿ ಕೆಳಗೆ ಇಳಿದಿತ್ತು. 2008ರಲ್ಲಿ ಜರ್ಮನಿಯ ವಿಜ್ಞಾನಿಗಳು ಪ್ರಕಟಿಸಿದ ಈ ಕೆಲಸದಲ್ಲಿ ಸಾಸಿವೆಯ ಸಂಬಂಧಿಯಾದ ರೇಪ್‌ಸೀಡ್ ಮತ್ತು ಕುಂಬಳ ಗಿಡಗಳ ಫ್ಲೋಯಂ ರಸವನ್ನೂ ನೋಡಿದರು. ಫಾಸ್ಫೇಟ್ ಕೊರತೆಯಾದಾಗ ಆ ರಸದಲ್ಲಿ ಮಿರ್-399 ಬಹಳ ಹೆಚ್ಚುತ್ತಿತ್ತು. ಅಂದರೆ ಗಿಡದ ರಸದಲ್ಲಿ ಹಸಿವಿನ ಚೀಟಿ ಹರಿದಾಡುತ್ತಿದೆ. ಓದಲು ಬಂದರೆ ಸಾಕು.

ಓದುವುದು ಹೇಗೆ? ಇವತ್ತಿನ ನಂಬಿಕಸ್ಥ ವಿಧಾನಗಳು ಪ್ರಯೋಗಾಲಯದವು. ಎಲೆಯನ್ನು ಕಿತ್ತ ಕೂಡಲೇ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಪುಡಿ ಮಾಡಿ, ರಾಸಾಯನಿಕಗಳಿಂದ ಆರ್‌ಎನ್‌ಎ ಬೇರ್ಪಡಿಸಿ, ಪಿಸಿಆರ್ ಯಂತ್ರದಲ್ಲಿ ಪ್ರತಿ ಮಾಡಿಸಿ ಎಣಿಸುತ್ತಾರೆ. ಕೊರೊನಾ ಕಾಲದಲ್ಲಿ ಆರ್‌ಟಿ-ಪಿಸಿಆರ್ ಎಂಬ ಹೆಸರು ಎಲ್ಲರ ಬಾಯಲ್ಲೂ ಇತ್ತಲ್ಲ, ಅದೇ ಜಾತಿಯ ಪರೀಕ್ಷೆ. ನಿಖರವಾದದ್ದು. ಆದರೆ ಯಂತ್ರ ಬೇಕು, ತಣ್ಣನೆಯ ಪೆಟ್ಟಿಗೆ ಬೇಕು, ತರಬೇತಿ ಬೇಕು. ಆರ್‌ಎನ್‌ಎ ಬಹಳ ಸೂಕ್ಷ್ಮ. ನಮ್ಮ ಬೆರಳ ತುದಿಯಲ್ಲಿರುವ ಕಿಣ್ವಗಳೇ ಅದನ್ನು ಹಾಳು ಮಾಡುತ್ತವೆ. ಹೊಲದ ಬದುವಿನಲ್ಲಿ ಕುಳಿತು ಮಾಡುವ ಕೆಲಸ ಅಲ್ಲ. ಆದ್ದರಿಂದ ವಿಜ್ಞಾನಿಗಳು ಬೆಳಕಿನ ದಾರಿ ಹುಡುಕಿದರು.

ಅಂಗಡಿಯವರು ನೋಟು ಪರೀಕ್ಷಿಸಲು ನೇರಳೆ ದೀಪದ ಕೆಳಗೆ ಹಿಡಿಯುವುದನ್ನು ನೋಡಿದ್ದೀರಿ. ಅಸಲಿ ನೋಟಿನ ಕೆಲವು ಭಾಗ ಹೊಳೆಯುತ್ತದೆ. ಒಂದು ಬಣ್ಣದ ಬೆಳಕನ್ನು ನುಂಗಿ ಇನ್ನೊಂದು ಬಣ್ಣದಲ್ಲಿ ಹೊರಹಾಕುವ ಈ ಗುಣಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ. ಈ ಗುಣವುಳ್ಳ ಕಣಗಳನ್ನು ನ್ಯಾನೋಮೀಟರ್ ಗಾತ್ರದಲ್ಲಿ ತಯಾರಿಸಬಹುದು. ಒಂದು ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ನಾವು ಹೇಳುತ್ತಿರುವ ಕಣಗಳು ಹತ್ತು ನ್ಯಾನೋಮೀಟರಿಗಿಂತಲೂ ಚಿಕ್ಕವು.

ಇವುಗಳಲ್ಲಿ ಹೆಸರುವಾಸಿ ಕ್ವಾಂಟಂ ಡಾಟ್. ಅದೇ ಪದಾರ್ಥ, ಗಾತ್ರ ಮಾತ್ರ ಬೇರೆ ಮಾಡಿದರೆ ಬಣ್ಣ ಬದಲಾಗುತ್ತದೆ. ಚಿಕ್ಕ ಕಣ ನೀಲಿ, ಸ್ವಲ್ಪ ದೊಡ್ಡದು ಹಸಿರು, ಇನ್ನೂ ದೊಡ್ಡದು ಕೆಂಪು. 2023ರ ರಸಾಯನಶಾಸ್ತ್ರದ ನೊಬೆಲ್ ಇದಕ್ಕೇ ಸಂದಿತು: ಮೌಂಗಿ ಬಾವೆಂಡಿ, ಲೂಯಿಸ್ ಬ್ರಸ್, ಅಲೆಕ್ಸಿ ಎಕಿಮೋವ್ ಅವರಿಗೆ. ಆದರೆ ಉತ್ತಮವಾಗಿ ಹೊಳೆಯುವ ಹಲವು ಕ್ವಾಂಟಂ ಡಾಟ್‌ಗಳಲ್ಲಿ ಕ್ಯಾಡ್ಮಿಯಂ ಇದೆ. ಅದು ವಿಷಲೋಹ, ಅನ್ನ ಬೆಳೆಯುವ ಹೊಲಕ್ಕೆ ತರುವಂಥದ್ದಲ್ಲ. ಅದಕ್ಕೆ ಬದಲಾಗಿ ಇಂಗಾಲದ ಕಣಗಳಿವೆ. ಸಿಟ್ರಿಕ್ ಆಮ್ಲದಿಂದ, ಕಿತ್ತಳೆ ರಸದಿಂದಲೂ ಅವನ್ನು ತಯಾರಿಸಿದ್ದಾರೆ. ಮೂರನೆಯದು ಬೆಳ್ಳಿಯ ಗೊಂಚಲು. ಬೆರಳೆಣಿಕೆಯಿಂದ ಹಿಡಿದು ಎರಡು-ಮೂರು ಹತ್ತರಷ್ಟು ಬೆಳ್ಳಿ ಪರಮಾಣುಗಳು ಒಂದು ತುಂಡು ಡಿಎನ್‌ಎ ಎಳೆಯ ಮಡಿಲಿನಲ್ಲಿ ಕುಳಿತಿರುತ್ತವೆ.

ಈ ಬೆಳ್ಳಿಯ ಕಥೆ ನಮ್ಮ ಶಾಲೆಯ ಮಕ್ಕಳಿಗೆ ಹತ್ತಿರವಾದದ್ದು. ಪ್ರಯೋಗಾಲಯದಲ್ಲಿ ಕಂದು ಬಾಟಲಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಉಪ್ಪಿನ ದ್ರಾವಣಕ್ಕೆ ಹಾಕಿದರೆ ಬಿಳಿ ಒತ್ತರ ಬರುತ್ತದೆ. ಅದೇ ಸಿಲ್ವರ್ ನೈಟ್ರೇಟನ್ನು ಸಿ ಅಕ್ಷರ ಹೆಚ್ಚಿರುವ ಡಿಎನ್‌ಎ ಎಳೆಯ ಜೊತೆ ಬೆರೆಸಿ, ಸೋಡಿಯಂ ಬೋರೋಹೈಡ್ರೈಡ್ ಎಂಬ ಅಪಕರ್ಷಕ ಹಾಕಿದರೆ ಬೆಳ್ಳಿ ಗೊಂಚಲು ಕಟ್ಟಿ ಹೊಳೆಯುತ್ತದೆ. 2011ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಿಯಾಂಗ್ ವೂಕ್ ಯಾಂಗ್ ಮತ್ತು ಟಾಮ್ ವೋಶ್ ಇದನ್ನು ಗಿಡದ ಮೈಕ್ರೋಆರ್‌ಎನ್‌ಎ ಪತ್ತೆಗೆ ಬಳಸಿದರು. ಅವರು ಆರಿಸಿಕೊಂಡದ್ದು ಮಿರ್-160. ಗಿಡದ ಬೆಳವಣಿಗೆಯ ಹಾರ್ಮೋನ್ ಆದ ಆಕ್ಸಿನ್‌ಗೆ ಸಂಬಂಧಿಸಿದ ಜೀನ್‌ಗಳನ್ನು ನಿಯಂತ್ರಿಸುವ ಚೀಟಿ ಅದು. ಡಿಎನ್‌ಎ ಎಳೆಯ ಒಂದು ತುದಿಯಲ್ಲಿ ಬೆಳ್ಳಿಗೆ ಜಾಗ, ಉಳಿದ ಭಾಗದಲ್ಲಿ ಮಿರ್-160ಕ್ಕೆ ಸರಿಯಾಗಿ ಜೋಡಿಯಾಗುವ ಅಕ್ಷರಗಳು. ಎಳೆ ಒಂಟಿಯಾಗಿದ್ದಾಗ ಕೆಂಪಾಗಿ ಹೊಳೆಯುತ್ತದೆ. ಮಿರ್-160 ಬಂದು ಕೂತರೆ ಕೆಂಪು ಇಳಿಯುತ್ತದೆ. ಬೇರೆ ಬಣ್ಣ ಅಂಟಿಸುವುದು, ಪ್ರತಿ ಮಾಡುವುದು ಯಾವುದೂ ಇಲ್ಲ. ಗಿಡದಿಂದ ತೆಗೆದ ಒಟ್ಟು ಆರ್‌ಎನ್‌ಎ ಮೇಲೂ ಅವರು ಇದನ್ನು ಪರೀಕ್ಷಿಸಿದರು.

ದೀಪ ಆರುವುದರಿಂದ ಉತ್ತರ ತಿಳಿಯುವುದರಲ್ಲಿ ಒಂದು ತೊಡಕಿದೆ. ದೀಪ ಬೇರೆ ಕಾರಣಕ್ಕೂ ಆರಬಹುದು. ಹಾಗಾಗಿ ದೀಪ ಹೊತ್ತಿಕೊಳ್ಳುವ ವಿನ್ಯಾಸಗಳೂ ಬಂದವು. ಅವುಗಳ ಮೂಲ 1996ರಲ್ಲಿ ಸಂಜಯ್ ತ್ಯಾಗಿ ಮತ್ತು ಫ್ರೆಡ್ ಕ್ರಾಮರ್ ರೂಪಿಸಿದ ಮಾಲಿಕ್ಯುಲರ್ ಬೀಕನ್. ಕೂದಲಿನ ಪಿನ್ನಿನ ಹಾಗೆ ಮಡಿಸಿದ ಡಿಎನ್‌ಎ ಎಳೆ. ಒಂದು ತುದಿಯಲ್ಲಿ ಹೊಳೆಯುವ ವಸ್ತು, ಇನ್ನೊಂದು ತುದಿಯಲ್ಲಿ ಬೆಳಕು ನುಂಗುವ ವಸ್ತು. ಮಡಿಸಿದ್ದಾಗ ಎರಡೂ ಪಕ್ಕಪಕ್ಕ, ಬೆಳಕಿಲ್ಲ. ಜೋಡಿಯಾಗುವ ಎಳೆ ಬಂದರೆ ಪಿನ್ ಬಿಚ್ಚಿಕೊಳ್ಳುತ್ತದೆ, ತುದಿಗಳು ದೂರವಾಗುತ್ತವೆ, ಬೆಳಕು ಬರುತ್ತದೆ. ಬೆಳಕು ನುಂಗುವ ಕೆಲಸಕ್ಕೆ ಚಿನ್ನದ ನ್ಯಾನೋಕಣ ಬಹಳ ಸಮರ್ಥ ಎಂದು 2001ರಲ್ಲಿ ತೋರಿಸಿದರು. ಬೆಳಗುವ ಕಡೆಗೆ ಕ್ವಾಂಟಂ ಡಾಟ್ ಇಡಬಹುದು, ಇಂಗಾಲದ ಕಣ ಇಡಬಹುದು. ಮಿರ್-399ರ ಒಂದು ರೂಪ ಯು-ಜಿ-ಸಿ-ಸಿ ಎಂದು ಆರಂಭವಾಗುತ್ತದೆ. ಅದನ್ನು ಹಿಡಿಯುವ ಎಳೆಯಲ್ಲಿ ಆ ಜಾಗಕ್ಕೆ ಎದುರಾಗಿ ಎ-ಸಿ-ಜಿ-ಜಿ ಬರೆದರೆ ಆಯಿತು. ಎ ಎದುರು ಯು, ಜಿ ಎದುರು ಸಿ. ಮಗ್ಗಿಯಷ್ಟೇ ಸುಲಭದ ನಿಯಮ.

ನಿಯಮ ಸುಲಭ, ಕೆಲಸ ಕಷ್ಟ. ಮೊದಲನೆಯ ಕಷ್ಟ ಪ್ರಮಾಣದ್ದು. ಲೀಟರಿಗೆ ಒಂದು ಪಿಕೋಮೋಲ್ ಸಾಂದ್ರತೆಯ 100 ಮೈಕ್ರೋಲೀಟರ್ ರಸದಲ್ಲಿ, ಅವೊಗ್ಯಾಡ್ರೊ ಸಂಖ್ಯೆಯಿಂದ ಲೆಕ್ಕ ಹಾಕಿದರೆ, ಸುಮಾರು 6 ಕೋಟಿ ಅಣುಗಳಿರುತ್ತವೆ. 6 ಕೋಟಿ ಎಂದರೆ ಬಹಳ ಅನ್ನಿಸುತ್ತದೆ. ಬೆಳಕಿನ ಅಳತೆಯಲ್ಲಿ ಅದು ಬಹಳ ಮಂದ ದೀಪ. ಆದ್ದರಿಂದ ಒಂದು ಚೀಟಿ ಒಂದು ಪಿನ್ ಬಿಚ್ಚಿ, ಬಿಚ್ಚಿಕೊಂಡ ಆ ಪಿನ್ ಮುಂದಿನದನ್ನು ಬಿಚ್ಚುವಂತೆ ಸರಪಳಿ ಕಟ್ಟುವ ಉಪಾಯವನ್ನೂ ಬಳಸುತ್ತಾರೆ.

ಎರಡನೆಯದು ಅಕ್ಷರದ ಕಷ್ಟ. ಮಿರ್-165 ಮತ್ತು ಮಿರ್-166 ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ನಮಗೆ ಬೆಳೆ ಮತ್ತು ಬೆಲೆ ಬೇರೆ ಬೇರೆ ಎಂದು ಗೊತ್ತು. ಡಿಎನ್‌ಎ ಎಳೆಗೆ ಅಷ್ಟು ಸ್ಪಷ್ಟವಾಗಿ ಗೊತ್ತಾಗುವುದಿಲ್ಲ. ಒಂದಕ್ಷರ ತಪ್ಪಿದರೂ ಸ್ವಲ್ಪ ಮಟ್ಟಿಗೆ ಅಂಟಿಕೊಂಡುಬಿಡುತ್ತದೆ. ಉಷ್ಣತೆ, ಉಪ್ಪಿನ ಪ್ರಮಾಣ, ಎಳೆಯ ಉದ್ದ ಎಲ್ಲವನ್ನೂ ಹದ ಮಾಡಿ ತಪ್ಪು ಜೋಡಿ ಬಿಟ್ಟುಹೋಗುವಂತೆ ಮಾಡಬೇಕು.

ಮೂರನೆಯದು ಗಿಡದ ಗೋಡೆ. ಪ್ರಾಣಿಗಳ ಜೀವಕೋಶಕ್ಕೆ ಇಲ್ಲದ ಕೋಶಭಿತ್ತಿ ಗಿಡಕ್ಕೆ ಇದೆ. ಅದರ ರಂಧ್ರಗಳು ಕೆಲವೇ ನ್ಯಾನೋಮೀಟರಿನವು. ಕಣ ದೊಡ್ಡದಾದರೆ ಒಳಗೆ ಹೋಗುವುದೇ ಇಲ್ಲ. ಮನುಷ್ಯರ ಕ್ಯಾನ್ಸರ್ ಪರೀಕ್ಷೆಗೆಂದು ಮಾಡಿದ ಸೆನ್ಸರನ್ನು ತಂದು ಎಲೆಗೆ ಹಾಕಿದರೆ ಕೆಲಸ ಮಾಡದಿರಲು ಇದೂ ಒಂದು ಕಾರಣ.

ನಾಲ್ಕನೆಯದನ್ನು ಹೇಳುವುದಕ್ಕಿಂತ ತೋರಿಸುತ್ತೇನೆ.

(ಇಲ್ಲಿ ಸಭಾಂಗಣದ ದೀಪ ಆರಿಸಿ, ಪಾಲಕ್ ಸೊಪ್ಪನ್ನು ಸ್ಪಿರಿಟ್‌ನಲ್ಲಿ ಅರೆದು ಸೋಸಿದ ಹಸಿರು ದ್ರಾವಣದ ಮೇಲೆ ಯುವಿ ಟಾರ್ಚ್ ಬೆಳಕು ಬಿಡಲಾಯಿತು. ದ್ರಾವಣ ರಕ್ತಗೆಂಪಾಗಿ ಹೊಳೆಯಿತು.)

ನೋಡಿದಿರಲ್ಲ, ಹಸಿರು ರಸ ಕೆಂಪಾಗಿ ಹೊಳೆಯಿತು. ಇದರಲ್ಲಿ ಯಾವ ನ್ಯಾನೋಕಣವೂ ಇಲ್ಲ. ಇದು ಗಿಡದ ಸ್ವಂತ ಬೆಳಕು, ಪತ್ರಹರಿತ್ತಿನದು. ಜೀವಂತ ಎಲೆಯಲ್ಲಿ ಇದು ಇಷ್ಟು ಪ್ರಖರವಾಗಿರುವುದಿಲ್ಲ, ಆದರೂ ಇದ್ದೇ ಇರುತ್ತದೆ. ಕೋಶಭಿತ್ತಿಯ ವಸ್ತುಗಳು ನೀಲಿ-ಹಸಿರಾಗಿ ಹೊಳೆಯುತ್ತವೆ. ನಿಮ್ಮ ಸೆನ್ಸರ್ ಕೆಂಪು ಬೆಳಕು ಕೊಡುವುದಾದರೆ, ಎಲೆಯ ಮೇಲೆ ಕಂಡ ಕೆಂಪಿನಲ್ಲಿ ಸೆನ್ಸರಿನದು ಎಷ್ಟು, ಎಲೆಯದು ಎಷ್ಟು? ಜಾತ್ರೆಯಲ್ಲಿ ದೂರದ ಒಂದು ಹಣತೆ ಹುಡುಕಿದ ಹಾಗೆ.

ನನ್ನಂಥವರ ಕೆಲಸ ಆರಂಭವಾಗುವುದು ಇಲ್ಲಿಂದ. ವಿವರಣೆಗಾಗಿ ಸಣ್ಣ ಅಂಕಿಗಳನ್ನು ಇಟ್ಟುಕೊಳ್ಳೋಣ. ಮೊದಲನೆಯ ಎಲೆಯ ಅಳತೆ 100. ಎರಡನೆಯದು 95. ಯಾವುದರಲ್ಲಿ ಚೀಟಿ ಹೆಚ್ಚು? ಮೊದಲನೆಯದು ಎನ್ನುತ್ತೀರಿ. ಸ್ವಲ್ಪ ತಾಳಿ. ಸೆನ್ಸರ್ ಹಾಕುವ ಮೊದಲೇ ಮೊದಲ ಎಲೆಯ ಸ್ವಂತ ಬೆಳಕು 70 ಇತ್ತು, ಎರಡನೆಯದರದು 40. ಚೀಟಿ ಇಲ್ಲದಿದ್ದರೂ ಸೆನ್ಸರ್ ಸುಮ್ಮನೆ ಸೋರುವ ಬೆಳಕು 10. ಕಳೆದು ನೋಡಿ: ಮೊದಲನೆಯದು 20, ಎರಡನೆಯದು 45. ಮಂದವಾಗಿ ಕಂಡ ಎಲೆಯಲ್ಲೇ ಚೀಟಿ ಎರಡು ಪಟ್ಟಿಗಿಂತ ಹೆಚ್ಚು. ಕಂಪ್ಯೂಟರ್ ಮಾಡುವುದು ಈ ಕಳೆಯುವ ಲೆಕ್ಕವನ್ನೇ, ಚಿತ್ರದ ಒಂದೊಂದು ಚುಕ್ಕೆಗೂ, ಒಂದೊಂದು ಬಣ್ಣಕ್ಕೂ. ಆದರೆ ಏನನ್ನು ಕಳೆಯಬೇಕು ಎಂದು ಕಂಪ್ಯೂಟರಿಗೆ ತಾನಾಗಿ ಗೊತ್ತಾಗುವುದಿಲ್ಲ. ಸೆನ್ಸರ್ ಹಾಕದ ಎಲೆಯನ್ನೂ ಯಾರಾದರೂ ಅಳೆದು ಕೊಟ್ಟಿರಬೇಕು.

ಆದ್ದರಿಂದ ಒಳ್ಳೆಯ ಪ್ರಯೋಗದಲ್ಲಿ ಒಂದೇ ಕೊಳವೆ ಇರುವುದಿಲ್ಲ. ಸೆನ್ಸರ್ ಮತ್ತು ಬರೀ ನೀರು ಒಂದು ಕೊಳವೆ, ಅದು ಬೆಳಗಬಾರದು. ಸೆನ್ಸರ್ ಮತ್ತು ಗೊತ್ತಿರುವಷ್ಟು ಮಿರ್-399 ಇನ್ನೊಂದು, ಅದು ಬೆಳಗಲೇಬೇಕು. ಒಂದೆರಡು ಅಕ್ಷರ ಬದಲಿಸಿದ ಸುಳ್ಳು ಚೀಟಿ ಹಾಕಿದ್ದು ಮತ್ತೊಂದು, ಅದು ಬೆಳಗಬಾರದು. ಸೆನ್ಸರ್ ಇಲ್ಲದ ಗಿಡದ ರಸ ಒಂದು. ಗೊಬ್ಬರ ಉಂಡ ಗಿಡದ ರಸ ಒಂದು, ಉಪವಾಸದ ಗಿಡದ ರಸ ಒಂದು. ಕೊನೆಗೆ, ಗಿಡದ ರಸಕ್ಕೆ ನಾವೇ ಅಳೆದು ಚೀಟಿ ಬೆರೆಸಿದ್ದು ಒಂದು. ನಾವು ಹಾಕಿದಷ್ಟೂ ಅಳತೆಯಲ್ಲಿ ವಾಪಸು ಬರದಿದ್ದರೆ, ರಸದಲ್ಲಿರುವ ಇನ್ನೇನೋ ಬೆಳಕನ್ನು ನುಂಗುತ್ತಿದೆ ಎಂದರ್ಥ. ಇಷ್ಟೂ ಕೊಳವೆಗಳು ಹೇಳಿದ ಹಾಗೆ ನಡೆದುಕೊಂಡರೆ ಮಾತ್ರ ಉಪವಾಸದ ಗಿಡದ ಬೆಳಕನ್ನು ನಂಬಬಹುದು. ಹೊಳೆಯುವುದನ್ನು ನೋಡುವುದು ಅರ್ಧ ವಿಜ್ಞಾನ. ಹೊಳೆದದ್ದು ಯಾಕೆ ಎಂದು ಖಚಿತ ಮಾಡಿಕೊಳ್ಳುವುದು ಉಳಿದ ಅರ್ಧ. ನಾನು ಇವತ್ತು ಹೇಳಬೇಕೆಂದು ಬಂದ ಮಾತು ಇದೇ.

ಈಗ ರೈತರಾದ ಹಿರಿಯರು ಕೇಳಬಹುದು: "ಎಲ್ಲಾ ಸರಿಯಪ್ಪ, ಇದು ಅಂಗಡಿಯಲ್ಲಿ ಸಿಗುತ್ತದೆಯೇ?" ಹೊಲದಲ್ಲಿ ಎಲೆಗೆ ಒತ್ತಿ ಮೈಕ್ರೋಆರ್‌ಎನ್‌ಎ ಓದಿ ಗೊಬ್ಬರ ಹೇಳುವ ಯಂತ್ರ ನಮ್ಮ ಪೇಟೆಗೆ ಬಂದಿಲ್ಲ. ಇದು ಪ್ರಯೋಗಾಲಯದ ಕೆಲಸವಾಗಿಯೇ ಇದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ನಕ್ಷತ್ರಾಕಾರದ ಚಿನ್ನದ ನ್ಯಾನೋಕಣಗಳನ್ನು ಬಳಸಿ ಜೀವಂತ ಎಲೆಯೊಳಗೇ ಮೈಕ್ರೋಆರ್‌ಎನ್‌ಎ ನೋಡುವ ದಾರಿ ತೋರಿಸಿದೆ. ಅದಕ್ಕೆ ಲೇಸರ್ ಉಪಕರಣ ಬೇಕು. ಇನ್ನೊಂದು ಗೊಂದಲ ಬೇಡ: ಗೊಬ್ಬರದ ಅಂಗಡಿಯಲ್ಲಿ ಬಾಟಲಿಯಲ್ಲಿ ಮಾರುವ ನ್ಯಾನೋ ಯೂರಿಯಾ, ನ್ಯಾನೋ ಡಿಎಪಿಗೂ ಇದಕ್ಕೂ ಸಂಬಂಧವಿಲ್ಲ. ನ್ಯಾನೋ ಎಂಬುದು ಗಾತ್ರದ ಹೆಸರು, ಗುಣದ ಹೆಸರಲ್ಲ. ಅದು ಗಿಡಕ್ಕೆ ಉಣಿಸುವುದು, ಇದು ಗಿಡವನ್ನು ಕೇಳುವುದು. ಮುಂದೆ ಯಾರಾದರೂ ಬಂದು "ಈ ಟಾರ್ಚ್ ಹಿಡಿದರೆ ರೋಗ ಗೊತ್ತಾಗುತ್ತದೆ" ಎಂದರೆ ಒಂದೇ ಪ್ರಶ್ನೆ ಕೇಳಿ: "ಚೆನ್ನಾಗಿರುವ ಗಿಡಕ್ಕೆ ಹಿಡಿದರೆ ಏನು ತೋರಿಸುತ್ತದೆ? ಮೊದಲು ಅದನ್ನು ತೋರಿಸಿ."

ಸೆನ್ಸರ್ ಸರಿಯಾಗಿ ಕೆಲಸ ಮಾಡಿದರೂ ಚೀಟಿಯ ಅರ್ಥ ಬೇರೆ ತಿಳಿದಿರಬೇಕು. ಮಿರ್-399ರ ಮಾತು ಸಾಕಷ್ಟು ನೇರ, ಫಾಸ್ಫೇಟಿನದು. ಎಲ್ಲ ಚೀಟಿಗಳೂ ಹಾಗಿಲ್ಲ. ಮಿರ್-398 ತಾಮ್ರದ ಕೊರತೆಯಾದಾಗ ಹೆಚ್ಚುತ್ತದೆ, ಕೆಲವು ಬಗೆಯ ಒತ್ತಡದಲ್ಲಿ ಕಡಿಮೆಯಾಗುತ್ತದೆ. ಎರಡೂ ಒಟ್ಟಿಗೆ ಆದರೆ? ಒಂದೇ ಚೀಟಿ ನೋಡಿ ಔಷಧ ಬರೆಯಲು ಬರುವುದಿಲ್ಲ. ಜ್ವರ ಬಂದಿದೆ ಎಂದು ಥರ್ಮಾಮೀಟರ್ ಹೇಳುತ್ತದೆ, ಯಾವ ಜ್ವರ ಎಂದು ಡಾಕ್ಟರ್ ಹೇಳಬೇಕು. ಹಲವು ಚೀಟಿಗಳನ್ನು ಒಟ್ಟಿಗೆ, ಬೇರೆ ಬೇರೆ ಬಣ್ಣದ ಕಣಗಳಿಂದ ಓದುವ ಪ್ರಯತ್ನ ನಡೆದಿರುವುದು ಇದಕ್ಕೇ. ಕ್ವಾಂಟಂ ಡಾಟ್‌ಗಳ ಬಣ್ಣ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಯಾವ ಚೀಟಿಗೆ ಯಾವ ಅರ್ಥ ಎಂದು ತಿಳಿಯುವ ಮೂಲಭೂತ ಕೆಲಸ ನಮ್ಮ ರಾಜ್ಯದಲ್ಲೂ ನಡೆಯುತ್ತಿದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ ಪಿ.ವಿ. ಶಿವಪ್ರಸಾದ್ ಅವರ ತಂಡ ಗಿಡಗಳ ಚಿಕ್ಕ ಆರ್‌ಎನ್‌ಎಗಳ ಬಗ್ಗೆಯೇ ಸಂಶೋಧನೆ ಮಾಡುತ್ತದೆ. ಟೊಮೆಟೊದಂಥ ಗಿಡಗಳ ರೋಗನಿರೋಧಕ ಜೀನ್‌ಗಳನ್ನು ಮಿರ್-482ರ ಕುಟುಂಬ ಹೇಗೆ ಹಿಡಿತದಲ್ಲಿಡುತ್ತದೆ ಎಂದು 2012ರಲ್ಲಿ ಪ್ರಕಟವಾದ ಕೆಲಸದಲ್ಲಿ ಅವರ ಹೆಸರು ಮೊದಲಿಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪಲ್ ನಾಥ್ ಅವರು ಎಲೆ ಚಪ್ಪಟೆಯಾಗಿ ಬೆಳೆಯಲು ಕಾರಣವಾದ ಜೀನ್‌ಗಳನ್ನು ಅಭ್ಯಾಸ ಮಾಡುತ್ತಾರೆ. ಅವುಗಳಲ್ಲಿ ಕೆಲವನ್ನು ನಿಯಂತ್ರಿಸುವುದು ಮಿರ್-319. ಅದು ಅತಿಯಾದರೆ ಎಲೆ ಸುಕ್ಕುಗಟ್ಟುತ್ತದೆ. ಇವು ಸೆನ್ಸರ್ ತಯಾರಿಕೆಯಲ್ಲ. ಆದರೆ ಏನನ್ನು ಓದಬೇಕು ಎಂದು ತಿಳಿಯದೆ ಓದುವ ಯಂತ್ರ ಮಾಡಿ ಏನು ಪ್ರಯೋಜನ?

ಮಕ್ಕಳಿಗೆ ಕೊನೆಯದಾಗಿ ಎರಡು ಮಾತು. ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಜೀವಶಾಸ್ತ್ರ ಎಲ್ಲಿ ಮುಗಿಯಿತು, ರಸಾಯನಶಾಸ್ತ್ರ ಎಲ್ಲಿ ಶುರುವಾಯಿತು, ಗಣಿತ ಎಲ್ಲಿ ಬಂತು ಎಂದು ಗೆರೆ ಎಳೆಯಲು ನಿಮಗೆ ಆಗುವುದಿಲ್ಲ. ಕಸಿ ಕಟ್ಟುವ ಕೈ ಬೇಕಾಯಿತು, ಬೆಳ್ಳಿಯ ರಸಾಯನ ಬೇಕಾಯಿತು, ಬೆಳಕಿನ ಭೌತಶಾಸ್ತ್ರ ಬೇಕಾಯಿತು, ಕಳೆಯುವ ಲೆಕ್ಕ ಬೇಕಾಯಿತು. ಹಾಗಾಗಿ "ನನಗೆ ಗಣಿತ ಬರುವುದಿಲ್ಲ, ಅದಕ್ಕೆ ವಿಜ್ಞಾನ ಬೇಡ" ಎಂದಾಗಲಿ, "ನಾನು ಇಂಜಿನಿಯರ್ ಆಗುವವನು, ನನಗೆ ಗಿಡದ ಪಾಠ ಯಾಕೆ" ಎಂದಾಗಲಿ ಈಗಲೇ ಬಾಗಿಲು ಹಾಕಿಕೊಳ್ಳಬೇಡಿ.

ಎರಡನೆಯದು, ಇವತ್ತು ತೋರಿಸಿದ ಪ್ರಯೋಗವನ್ನು ನೀವೇ ಮಾಡಿ. ಪಾಲಕ್ ಇಲ್ಲದಿದ್ದರೆ ಯಾವ ಮೆತ್ತನೆಯ ಹಸಿರು ಸೊಪ್ಪಾದರೂ ಸರಿ. ಅರಿಶಿನ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ಸೋಸಿದರೆ ಹಳದಿ-ಹಸಿರಾಗಿ ಹೊಳೆಯುತ್ತದೆ. ಶಿಕ್ಷಕರು ಜೊತೆಗಿರಲಿ, ಬೆಂಕಿ ಹತ್ತಿರ ಇರಬಾರದು, ಯುವಿ ಟಾರ್ಚನ್ನು ಯಾರ ಕಣ್ಣಿಗೂ ಬಿಡಬಾರದು. ಹೊಳೆದಾಗ ಖುಷಿಪಡಿ. ಆಮೇಲೆ ಪಕ್ಕದಲ್ಲಿ ಬರೀ ಸ್ಪಿರಿಟ್ ಇರುವ ಇನ್ನೊಂದು ಲೋಟ ಇಟ್ಟು, ಅದೂ ಹೊಳೆಯುತ್ತದೆಯೇ ನೋಡಿ ಬರೆದಿಡಿ. ಆ ಎರಡನೆಯ ಲೋಟ ಇಟ್ಟ ದಿನ ನೀವು ವಿಜ್ಞಾನಿಗಳ ಸಾಲಿಗೆ ಸೇರುತ್ತೀರಿ.

ಹಿರಿಯರಿಗೂ ಒಂದು ವಿನಂತಿ. ಹೊಸ ಯಂತ್ರ ಬರುವವರೆಗೆ ಕಾಯುವುದು ಬೇಡ. ಮಣ್ಣು ಪರೀಕ್ಷೆ ಮಾಡಿಸಿ, ಚೀಟಿ ಹೇಳಿದಷ್ಟೇ ಗೊಬ್ಬರ ಹಾಕಿ. ಅನುಮಾನವಿದ್ದರೆ ಹೊಲದ ಮೂಲೆಯಲ್ಲಿ ನಾಲ್ಕು ಸಾಲು ಡಿಎಪಿ ಇಲ್ಲದೆ ಬಿಟ್ಟು ಹೋಲಿಸಿ ನೋಡಿ. ಅದೂ ಎರಡನೆಯ ಲೋಟವೇ. ನಿಮ್ಮ ದುಡ್ಡು ಎಲ್ಲಿ ಗಿಡಕ್ಕೆ ಹೋಗುತ್ತಿದೆ, ಎಲ್ಲಿ ಮಣ್ಣಿನಲ್ಲೇ ಉಳಿಯುತ್ತಿದೆ ಎಂದು ಆ ನಾಲ್ಕು ಸಾಲು ಹೇಳುತ್ತವೆ.